ಉಮ್ಮನ ಬಾವಿಗೆ ನಾನಿಟ್ಟ ಮೋಟರು

ಲಕ್ಷದ್ವೀಪದ ಈ ತುಣುಕಿಗೆ ಬಂದ ಮೊದಲ ದಿನ ಬಾವಿ ನೋಡಿ ನಕ್ಕುಬಿಟ್ಟೆ. ಒಂದಾಳು ಆಳವೂ ಇಲ್ಲ! ಗಡಹಿಂಗ್ಲಜ ಹತ್ತಿರದ ನಮ್ಮ ನೂಲದಲ್ಲಿ ಇದಕ್ಕೆ ಬಾವಿ ಅನ್ನುವುದಿಲ್ಲ, ತೆಗ್ಗು ಅನ್ನುತ್ತಾರೆ.

ಗೋಕುಳ ಶಿರಗಾಂವದ ಕಾರ್ಖಾನೆಯಲ್ಲಿ ಪಂಪು ಜೋಡಿಸುತ್ತಿದ್ದವನು, ಅದೇ ಕೆಲಸಕ್ಕೆ ನಾಲ್ಕೈದು ಜನರ ಜೊತೆ ಇಲ್ಲಿಗೆ ಬಂದೆ. ದ್ವೀಪವೋ, ಬಾಯಲ್ಲಿನ ಎಲೆಅಡಿಕೆ ಮುಗಿಯುವುದರೊಳಗೆ ಈ ದಂಡೆಯಿಂದ ಆ ದಂಡೆಗೆ ನಡೆದುಬಿಡಬಹುದು. ಗುಡ್ಡವಿಲ್ಲ, ಹಳ್ಳವಿಲ್ಲ, ಎರೆಮಣ್ಣಂತೂ ಇಲ್ಲವೇ ಇಲ್ಲ. ಕಾಲಡಿ ಪೂರ್ತಿ ಸತ್ತ ಹವಳ. ಕೋಣೆ ಬಾಡಿಗೆಗೆ ಕೊಟ್ಟ ಮುದುಕಿಯನ್ನು ಎಲ್ಲರಂತೆ ನಾನೂ ಉಮ್ಮ, ಅಂದರೆ ಅವ್ವ, ಎನ್ನುತ್ತೇನೆ. ಅವರ ಅಜ್ಜ ಓಡಂ ಎಂಬ ಹಾಯಿಹಡಗಿನಲ್ಲಿ ತೆಂಗಿನ ಹುರಿ ತುಂಬಿಕೊಂಡು ಮಂಗಳೂರಿಗೆ ಹೋಗಿ ಅಕ್ಕಿ ತರುತ್ತಿದ್ದರಂತೆ. ಆಗ ಈ ದ್ವೀಪ ಅಲ್ಲಿಯ ಕಲೆಕ್ಟರರ ಕೈಕೆಳಗಿತ್ತು. ಹಾಗಾಗಿ ಕನ್ನಡವೆಂದರೆ ಉಮ್ಮನಿಗೆ ಅಕ್ಕಿಯ ನಾಡಿನ ಮಾತು. ಮೀನು ತಿನ್ನದ ನನಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುತ್ತಿದ್ದರು.

ಆ ಬಾಗಿದ ಬೆನ್ನಿನವರು ಅಂಗಳದ ಆ ಬಾವಿಯಿಂದ, ಕೋಲಿಗೆ ಕಟ್ಟಿದ ತೆಂಗಿನ ಚಿಪ್ಪಿನಿಂದ ನೀರು ಮೊಗೆಯುವುದು ನೋಡಲಾಗಲಿಲ್ಲ. ಊರಿಗೆ ಫೋನ್ ಮಾಡಿ ಅಣ್ಣನಿಗೆ ಹೇಳಿದೆ.

"ಬಾವಿ ಇನ್ನೊಂದಾಳ ಆಳ ತಗಿ, ಮೋಟರ ಕೂಡ್ಸು. ಭಾಳ ವಿಚಾರ ಮಾಡಬ್ಯಾಡ," ಅಂದ.

ಉಮ್ಮ ಮಗಳ ಮನೆಗೆ ಹೋಗಿದ್ದ ವಾರ, ಬಂದಮೇಲೆ ಖುಷಿಪಡಲಿ ಎಂದು, ತೋಡಿಸಿ ಮೋಟರಿಟ್ಟೆ. ಮೂರು ದಿನ ನೀರೋ ನೀರು. ನಾಲ್ಕನೆಯ ದಿನ ಚಹಾ ಉಪ್ಪಾಯಿತು.

ಪಕ್ಕದ ಮನೆಯವರು ಆಗ ತಿಳಿಸಿ ಹೇಳಿದರು. ಮಳೆನೀರು ಹವಳದೊಳಗೆ ಇಳಿದು, ಸಮುದ್ರದ ನೀರಿನ ಮೇಲೆ ಕೆನೆಯ ಹಾಗೆ ತೆಳ್ಳಗೆ ನಿಂತಿರುತ್ತದೆ. ಅದನ್ನು ಮೇಲಿಂದ ಮೆಲ್ಲಗೆ ಮೊಗೆಯಬೇಕು. ನಮ್ಮ ನೂಲದಲ್ಲಿ ಆಳಕ್ಕಿಳಿದರೆ ನೀರು, ಇಲ್ಲಿ ಆಳಕ್ಕಿಳಿದರೆ ಸಮುದ್ರ. ಅಯ್ಯೋ, ಜನ್ಮವೆಲ್ಲ ಪಂಪು ಜೋಡಿಸಿದವನಿಗೆ ಒಂದು ಮಾತು ಕೇಳುವ ಬುದ್ಧಿ ಇರಲಿಲ್ಲ!

ಉಮ್ಮ ಬಂದು ರುಚಿ ನೋಡಿದರು. ಬೈಯಲಿಲ್ಲ. "ನಮ್ಮ ಅಜ್ಜ ತೋಡಿದ್ದು," ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮರಳು ತುಂಬಿಸಿ ಬಾವಿಯನ್ನು ಮೊದಲಿನ ಆಳಕ್ಕೆ ತಂದೆ. ಒಂದು ಮಳೆಗಾಲ ಕಳೆಯಿತು, ಉಪ್ಪು ಹೋಗಿಲ್ಲ. ದಿನಾ ಮಸೀದಿಯ ಬಾವಿಯಿಂದ ಉಮ್ಮನಿಗೆ ಎರಡು ಕೊಡ ನೀರು ಹೊರುತ್ತೇನೆ. ನನ್ನ ಜೊತೆ ಬಂದವರೆಲ್ಲ ಕೆಲಸ ಮುಗಿಸಿ ಊರು ಸೇರಿದರು.

"ಯಾವಾಗ ಬರ್ತಿಯೋ? ಅವ್ವ ಕೇಳಾಕತ್ತಾಳ," ಅಣ್ಣನ ಫೋನು.

"ಬಾವಿ ಸಿಹಿ ಆದಮ್ಯಾಗ."

"ಆಗಲಿಲ್ಲಂದ್ರ?"

ಹೋದ ತಿಂಗಳು ನಾಲ್ಕು ದಿನದ ಮಟ್ಟಿಗೆ ನೂಲಕ್ಕೆ ಹೋಗಿದ್ದೆ. ಅವ್ವ ತಂಬಿಗೆ ತುಂಬ ನೀರು ಕೊಟ್ಟಳು. ಕುಡಿಯುವ ಮೊದಲು ನಾಲಿಗೆಯ ತುದಿಗೆ ಹಚ್ಚಿ ನೋಡಿದೆ.

ಅವ್ವನ ಮುಖ ಸಣ್ಣದಾಯಿತು. "ಯಾಕೋ ಮಗಾ, ನಮ್ಮ ಮನಿ ನೀರಿನ ಮ್ಯಾಲೂ ಸಂಶೆ ಬಂತೇನ?"