ಕ್ಯಾಮೆರಾದ ಎದುರಿನ ಮೆತ್ತೆ

ಟೋಕಿಯೊದ ಸುಮೋ ಕುಸ್ತಿಗೆ ಸೀಟು ಕೊಡಿಸುವುದು ನಮ್ಮ ಮನೆತನದ ವ್ಯಾಪಾರ; ಅಂಗಡಿ ಕ್ರೀಡಾಂಗಣದ ಒಳಗೇ ಇದೆ. ಅಖಾಡಕ್ಕೆ ಅಂಟಿಕೊಂಡಿರುವ ಮೆತ್ತೆಗಳ ಸಾಲು ಎಲ್ಲಕ್ಕಿಂತ ದುಬಾರಿ. ಅಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಫೋನ್ ತೆಗೆಯುವಂತಿಲ್ಲ, ಕುಸ್ತಿ ನಡೆಯುವಾಗ ಏಳುವಂತಿಲ್ಲ. ಯಾವಾಗ ಬೇಕಾದರೂ ಒಬ್ಬ ಜಟ್ಟಿ ಬಂದು ಮಡಿಲಿಗೆ ಬೀಳಬಹುದು. ಇಷ್ಟು ಕಷ್ಟಪಡಲು ಜನ ಮುಂಗಡ ಕೊಟ್ಟು ಕಾಯುತ್ತಾರೆ. ನಾನೇಕೆ ಬೇಡವೆನ್ನಲಿ?

ಚಾಪೆ ಹೆಣೆಯುವ ಸೆಗಾವಾ ತೊಕುಜಿ ಅಂಥ ಗಿರಾಕಿ. ಟಿವಿ ಕ್ಯಾಮೆರಾಕ್ಕೆ ಎದುರಾದ ಮೆತ್ತೆಯೇ ಆಗಬೇಕು ಅವನಿಗೆ. ಒಮ್ಮೆ ಜಟ್ಟಿಯೊಬ್ಬ ಮೇಲೆ ಬಿದ್ದು ಪಕ್ಕೆಲುಬು ಮುರಿಯಿತು. ಮಾರನೆಯ ದಿನ ಪಟ್ಟಿ ಸುತ್ತಿಕೊಂಡು ಹಾಜರಾದ.

"ಏನು ಸೆಗಾವಾ ಅವರೇ, ಟಿವೀಲಿ ಕಾಣಿಸ್ಕೊಳ್ಳೋ ಚಟಾನಾ?" ಎಂದು ಚುಚ್ಚಿದೆ. ಹೆಂಡತಿಗೆ ಜನಜಂಗುಳಿ ಆಗದು, ಮನೆಯಲ್ಲೇ ಕೂತು ತನ್ನನ್ನು ನೋಡುತ್ತಾಳೆ ಎಂದ.

ಈ ಜನವರಿಯ ಹದಿನೈದು ದಿನಗಳ ಪಂದ್ಯಗಳ ಹೊತ್ತಿಗೆ ಆ ಹೆಂಡತಿ, ಫುಸಾಯೆ, ಆಸ್ಪತ್ರೆಯಲ್ಲಿದ್ದಳು. ಹೆಚ್ಚು ದಿನವಿಲ್ಲ ಎಂದಿದ್ದರು ಡಾಕ್ಟರು. ಸೆಗಾವಾ ಅವಳ ಹತ್ತಿರವೇ ಇರುತ್ತೇನೆ ಎಂದಾಗ ಅವಳೇ ಅಟ್ಟಿದಳಂತೆ: "ಇಲ್ಲಿ ಕೂತು ನನ್ನ ಮುಖ ನೋಡಿ ಏನ್ ಮಾಡ್ತೀರಿ? ಅಲ್ಲಿ ಹೋಗಿ ಕೂತ್ಕೊಳ್ಳಿ, ನಾನೇ ನಿಮ್ಮನ್ನ ನೋಡ್ತೀನಿ."

ಒಂದು ಸಂಜೆ ಅವರ ಮಗಳು ಚಿಹೊ ನನ್ನ ಅಂಗಡಿಗೆ ಫೋನ್ ಮಾಡಿದಳು. ಅಮ್ಮನಿಗೆ ಮೇಲುಸಿರು ಹತ್ತಿದೆ, ಅಪ್ಪನನ್ನು ಕೂಡಲೇ ಕಳಿಸಿ ಎಂದಳು. ಎರಡು ಕುಸ್ತಿಗಳ ನಡುವೆ ನಾನು ಬಗ್ಗಿಕೊಂಡು ಹೋಗಿ ಅವನ ಕಿವಿಯಲ್ಲಿ ಹೇಳಿದೆ. ಆಗ ಏಳಬಹುದಿತ್ತು. ಏಳಲಿಲ್ಲ.

"ಈಗ ಎದ್ರೆ ಅವಳಿಗೆ ಜಾಗ ಖಾಲಿ ಕಾಣುತ್ತೆ," ಎಂದ. "ತನಗೇನೋ ಆಗ್ತಿದೆ ಅಂತ ಗೊತ್ತಾಗಿಬಿಡುತ್ತೆ."

"ಅವರು ನೋಡ್ತಿದಾರೋ ಇಲ್ವೋ..."

"ನೋಡ್ತಿರ್ತಾಳೆ."

ಕೊನೆಯ ಕುಸ್ತಿ ಮುಗಿದ ಮೇಲೆಯೇ ಎದ್ದ. ಟ್ಯಾಕ್ಸಿ ನಾನೇ ಹಿಡಿದುಕೊಟ್ಟೆ. ಅವನು ಮುಟ್ಟುವ ಹೊತ್ತಿಗೆ ಮುಗಿದಿತ್ತು.

ಆಮೇಲೆ ಚಿಹೊ ನನಗೆ ಹೇಳಿದಳು: ಟಿವಿ ಹಚ್ಚಿಯೇ ಇತ್ತು, ಆದರೆ ಅಮ್ಮ ಬೆಳಿಗ್ಗೆಯಿಂದ ಕಣ್ಣು ಬಿಟ್ಟಿರಲಿಲ್ಲ. ಅಪ್ಪನಿಗೂ ಇದನ್ನೇ ಹೇಳಿದಳಂತೆ. ಅವನು "ಹೌದಾ" ಎಂದು ಕೋಟು ಬಿಚ್ಚಿ ಮಡಿಸಿಟ್ಟನಂತೆ.

ಶವಸಂಸ್ಕಾರ ಮುಗಿಯಿತು. ಉಳಿದ ದಿನಗಳಿಗೆ ಮೆತ್ತೆಯನ್ನು ಬೇರೆಯವರಿಗೆ ಕೊಡಲೇ ಎಂದು ಕೇಳಿದೆ. ಕೇಳುವವರು ಇದ್ದೇ ಇದ್ದರು. ಬೇಡ ಎಂದ, ಬಂದು ಕೂತ.

ಅವತ್ತು ಅಂಗಡಿಯ ಟಿವಿಯಲ್ಲಿ, ಕುಸ್ತಿ ಬಿಟ್ಟು ಮೊದಲ ಸಲ ಅವನನ್ನು ಹುಡುಕಿದೆ. ಉಗುರಿನಷ್ಟು ಮುಖ. ಜಟ್ಟಿಗಳು ಎದ್ದು ನಿಂತರೆ ಅದೂ ಇಲ್ಲ, ಬರೀ ಅವರ ತೊಡೆ, ಬೆನ್ನು. ಅವರು ಅತ್ತಿತ್ತ ಸರಿದರೆ ಒಂದಿಷ್ಟು ಕಾಣುತ್ತಿದ್ದ, ಮತ್ತೆ ಮುಚ್ಚಿಹೋಗುತ್ತಿದ್ದ.

ಬಾಗಿಲಲ್ಲಿ ಗಿರಾಕಿ ಕರೆದರು. ಎದ್ದು ಹೋದೆ.