ಹದಿಮೂರನೆಯ ನಕ್ಷೆ

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಕಂಡವರ ಲಿಫ್ಟೆಲ್ಲ ಸಲೀಸಾಗಿ ಓಡುತ್ತಿದ್ದವು. ನಮ್ಮ ಕಟ್ಟಡದ್ದು ಮಾತ್ರ ಮೂರು ವಾರದಿಂದ ಕೆಟ್ಟು ಕೂತಿತ್ತು. ಮಂಡಿ ಆಪರೇಷನ್ ಆದ ಚಿಕ್ಕಮ್ಮ ಆರನೇ ಮಹಡಿಯ ಕಿಟಕಿಯಿಂದ ಬೀದಿ ನೋಡುತ್ತ ಗಂಡನ ಜನ್ಮ ಜಾಲಾಡುತ್ತಿದ್ದರು.

ರಿಪೇರಿಗೆ ವೈರಿಂಗ್ ನಕ್ಷೆ ಬೇಕಿತ್ತು. ಲಿಫ್ಟ್ ಮಾಡಿದ ಕಂಪನಿ ಮುಚ್ಚಿಹೋಗಿತ್ತು, ಅದರ ವೆಬ್‌ಸೈಟೂ ಅಂದು ಸಂಜೆ ಐದಕ್ಕೆ ಮುಚ್ಚುವುದಿತ್ತು. ಅದರಲ್ಲಿ ನಾನೂರು ನಕ್ಷೆ. ಹೆಸರಿಲ್ಲ, ಬರೀ ನಂಬರು. ನಮ್ಮದು ಯಾವುದೋ ದೇವರೇ ಬಲ್ಲ.

"ಎಲ್ಲಾ ಇಳಿಸ್ಕೊಂಡುಬಿಡೋಣ ಚಿಕ್ಕಪ್ಪ. ಕಂಪ್ಯೂಟರಿಗೆ ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು, ತಾನೇ ಇಳಿಸುತ್ತೆ. ನಾನು ಬರೆದುಕೊಡ್ತೀನಿ," ಎಂದೆ.

"ನೀನು ಹೇಳು, ನಾನು ಬರೀತೀನಿ. ಹೆಂಡ್ತಿ ನನ್ನೋಳು."

ಹೇಳಿದೆ: ಒಂದನೇ ನಂಬರಿಗೆ ಹೋಗು, ಫೈಲ್ ತೆಗೆದುಕೋ, ಮುಂದಿನ ನಂಬರಿಗೆ ಹೋಗು. ಚಿಕ್ಕಪ್ಪನ ಮುಖ ಅರಳಿತು.

"ಇದು ಲಿಫ್ಟೇ ಅಲ್ವೇನೇ?"

ಒಂದೇ ಬೆರಳಿನಲ್ಲಿ ಕುಟ್ಟಿದರು. ಪ್ರತಿ ಫೈಲಿಗೂ ಎಂಟು ಸೆಕೆಂಡು ಬಿಡುವು ಕೊಟ್ಟರು. ಬಾಗಿಲು ತೆರೆದು ಮುಚ್ಚಲು ಅಷ್ಟು ಬೇಕಂತೆ. ನಾನು ತಲೆ ಚಚ್ಚಿಕೊಂಡೆ. ಆದರೂ ಐದಕ್ಕೆ ಹತ್ತು ನಿಮಿಷ ಇರುವಾಗ ನಾನೂರನೆಯದು ಇಳಿಯಿತು. ಐದಕ್ಕೆ ಸೈಟು ಕಣ್ಮುಚ್ಚಿತು.

ಆಮೇಲೆ ಎಣಿಸಿದರೆ ಮುನ್ನೂರ ತೊಂಬತ್ತೊಂಬತ್ತು. ಹದಿಮೂರು ಇಲ್ಲ. ಸ್ಕ್ರಿಪ್ಟ್ ತೆರೆದು ನೋಡಿದೆ. ಹನ್ನೆರಡಾದ ಮೇಲೆ ನೇರ ಹದಿನಾಲ್ಕಕ್ಕೆ ಹೋಗು ಎಂದು ಮಹಾನುಭಾವರು ಒಂದು ಸಾಲು ತಾವಾಗಿಯೇ ಸೇರಿಸಿದ್ದರು.

"ಹದಿಮೂರು ಅಪಶಕುನ ಅಂತ ನಾನು ರಿಪೇರಿ ಮಾಡಿದ ಯಾವ ಲಿಫ್ಟಲ್ಲೂ ಅದರ ಬಟನ್ ಇರ್ಲಿಲ್ಲ ಕಣೇ," ಎಂದರು ಮೆಲ್ಲಗೆ.

ಉಳಿದದ್ದನ್ನೆಲ್ಲ ತಡಕಾಡಿದೆವು. ನಮ್ಮ ಕಟ್ಟಡದ್ದು ಸಿಗಲಿಲ್ಲ. ಇನ್ನೆಲ್ಲಿ ಸಿಕ್ಕೀತು, ನೀವೇ ಹೇಳಿ. ನನಗೆ ಮೈಯೆಲ್ಲ ಉರಿಯಿತು. ಅವರ ಮುಖ ನೋಡಿ ಅಯ್ಯೋ ಪಾಪ ಎನ್ನಿಸಿತು.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಟಾರ್ಚು, ಪೆನ್ಸಿಲು ಹಿಡಿದು ತಾರಸಿಯ ಮೆಷಿನ್ ರೂಮಿಗೆ ಹತ್ತಿದರು. ನಾಲ್ಕು ದಿನ ಒಂದೊಂದೇ ವೈರಿನ ಜಾಡು ಹಿಡಿದು ತಾವೇ ನಕ್ಷೆ ಬರೆದರು. ಎಲ್ಲಿ ಸುಟ್ಟಿದೆ ಎಂಬುದು ಸಿಕ್ಕಿತು, ಲಿಫ್ಟ್ ಓಡಿತು. ಆ ಹಾಳೆಯ ಫೋಟೊ ತೆಗೆದು, ಹದಿಮೂರು ಎಂದು ಹೆಸರಿಟ್ಟು, ಉಳಿದವುಗಳ ಜೊತೆ ಸೇರಿಸಿದೆ.

ಚಿಕ್ಕಮ್ಮ ಕೋಲೂರಿಕೊಂಡು ಕೆಳಗಿಳಿದರು. ಬೀದಿಯಲ್ಲಿ ನಿಂತು ಸುತ್ತ ನೋಡಿದರು. ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದರು.

"ನಿಮ್ಮ ಕೈಯಲ್ಲೇ ಆಗೋ ಕೆಲಸ ಆಗಿದ್ರೆ, ಇಷ್ಟು ದಿನ ಯಾರಿಗೆ ಕಾಯ್ತಿದ್ರಿ?"

"ಇವಳ ಸ್ಕ್ರಿಪ್ಟಿಗೆ," ಎಂದು ಚಿಕ್ಕಪ್ಪ ನನ್ನ ಕಡೆ ಕೈ ತೋರಿಸಿದರು.