ಹೊಲಿಗೆ ಮಿಷನ್ನಿನ ಗುರುತು, ಹದಿನೆಂಟು ದಿನ

ನಮ್ಮ ಮನೆಯವರು ಸಿಂಧನೂರಿನ ತಹಸೀಲ್ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದರು. ಕಾಲುವೆಯ ಕೊನೆಯ ಒಂದು ಸಣ್ಣ ಹಳ್ಳಿಯವರು ಕುಡಿಯುವ ನೀರಿನ ಬೋರಿಂಗಿಗಾಗಿ ಅವರಿಂದ ಎಷ್ಟೋ ಸಲ ಅರ್ಜಿ ಬರೆಸಿದ್ದರು. ಕೊನೆಗೊಮ್ಮೆ ಆ ಊರಿನ ಮುದುಕಿಯೊಬ್ಬಳು, "ತಮ್ಮಾ, ನೀ ಚೊಲೋ ಬರೀತಿ. ಓದೋರ ಇಲ್ಲ ನೋಡು," ಅಂದಳಂತೆ. ಅವತ್ತು ಮನೆಗೆ ಬಂದವರೇ, ಚಪ್ಪಲಿಯನ್ನೂ ಬಿಡದೆ, "ಈ ಸಲ ಎಮ್ಮೆಲ್ಲೆ ಎಲೆಕ್ಷನ್ನಿಗೆ ನಾ ನಿಂದ್ರತೀನಿ," ಅಂದರು.

ನಮ್ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ, ಭಯವೂ ಆಗಲಿಲ್ಲ. ಈ ಮನುಷ್ಯ ಹೀಗೆ ಯೋಚನೆ ಮಾಡುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲವಲ್ಲ ಎಂದು ಆಶ್ಚರ್ಯವಾಯಿತು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ತುಂಬಿದ ಮನೆ. ಹಗಲಲ್ಲಿ ಗಂಡ ಹೆಂಡತಿ ಎದುರುಬದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಅವರು ಕಚೇರಿಗೆ ಹೋದರೆ ನಾನು ಪಡಸಾಲೆಯಲ್ಲಿ ಮಿಷನ್ನಿನ ಮುಂದೆ ಕೂತು ಓಣಿಯವರ ಕುಬಸ, ಲಂಗ ಹೊಲಿಯುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾಮಪತ್ರ ಕೊಡಲು ಲಿಂಗಸೂಗೂರಿಗೆ ಹೋಗಬೇಕಿತ್ತು. "ನೀನೂ ಬಾ," ಅಂದರು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಮಸ್ಕಿ ನನ್ನ ತವರು. ಬಸ್ಸು ಅಲ್ಲಿ ನಿಂತಾಗ ಯಾರಾದರೂ ನೋಡಲಿ ಅಂತ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದೆ. ಯಾರೂ ಕಾಣಲಿಲ್ಲ.

ಪಕ್ಷೇತರರಿಗೆ ಇದ್ದ ಗುರುತುಗಳಲ್ಲಿ ಅವರು ಹೊಲಿಗೆ ಮಿಷನ್ ಕೇಳಿ ಪಡೆದರು. "ಎಲ್ಲಾ ಹೆಣ್ಣುಮಕ್ಕಳಿಗೂ ಗೊತ್ತಾಗ್ತೈತಿ," ಅಂದರು. ಮಸ್ಕಿಯ ನಮ್ಮಣ್ಣ ತನ್ನ ಟ್ರ್ಯಾಕ್ಟರ್ ತಂದುಕೊಟ್ಟ. ಟ್ರೇಲರಿನ ಮೇಲೆ ನನ್ನ ಮಿಷನ್ ಇಟ್ಟು ಹಗ್ಗ ಬಿಗಿದರು. ಅದರ ಪಕ್ಕಕ್ಕೆ ನಾನು, ನನ್ನ ಪಕ್ಕಕ್ಕೆ ಅವರು.

ಹದಿನೆಂಟು ದಿನ ತಿರುಗಿದೆವು. ದಢೇಸುಗೂರು, ಮುಕ್ಕುಂದ, ಅವುಗಳ ಆಚೆಯ ಹಳ್ಳಿಗಳು. ಗದ್ದೆಯ ಬದುವಿನಲ್ಲಿ ಆಳುಗಳು ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡುತ್ತಿದ್ದರು. ಇವರು ಕಟ್ಟೆಯ ಮೇಲೆ ನಿಂತು ಮಾತಾಡುತ್ತಿದ್ದರೆ ಹೆಂಗಸರು ನನ್ನ ಸುತ್ತ ಸೇರುತ್ತಿದ್ದರು. ಮೊದಲ ದಿನವೇ ಒಬ್ಬಾಕೆ, "ಯಕ್ಕಾ, ಮಿಷನ್ ಬರೇ ತೋರ್ಸಾಕಷ್ಟೇ ಐತೋ, ಹೊಲಿತೈತೋ?" ಅಂತ ಹರಿದ ಕುಬಸ ಮುಂದೆ ಹಿಡಿದಳು. ಹೊಲಿದುಕೊಟ್ಟೆ. ಆಮೇಲೆ ಪ್ರತಿ ಊರಲ್ಲೂ ಹರಿದ ಬಟ್ಟೆಗಳು ಬಂದವು.

ಮಧ್ಯಾಹ್ನ ಎಲ್ಲಾದರೂ ನೆರಳು ನೋಡಿ ರೊಟ್ಟಿ ಬುತ್ತಿ ಬಿಚ್ಚುತ್ತಿದ್ದೆವು. ಟ್ರ್ಯಾಕ್ಟರ್ ಹೊಡೆಯುವವ ದೂರದಲ್ಲಿ ಮಲಗುತ್ತಿದ್ದ. ಆಗ ಅವರು ಮಾತಾಡುತ್ತಿದ್ದರು. ಕುರಿ ಕಾಯುವಾಗ ಬಂಡೆಯ ಮೇಲೆ ಸುಣ್ಣದ ಕಲ್ಲಿನಿಂದ ಅಕ್ಷರ ಕಲಿತದ್ದು, ಬರೆದದ್ದನ್ನು ಮಳೆ ಅಳಿಸಿದಾಗ ಅತ್ತದ್ದು. "ಪುಂಡಿಪಲ್ಯ ನೀ ಮಾಡಿದ್ದೇನು? ಭಾಳ ರುಚಿ ಐತಿ," ಅಂದರು ಒಂದು ದಿನ. ಹನ್ನೆರಡು ವರ್ಷದಿಂದ ಅದೇ ಪಲ್ಯ ಉಣ್ಣುತ್ತಿದ್ದರು.

ಹನ್ನೊಂದನೆಯ ದಿನ ಒಂದು ಊರಿನ ಚಹಾದಂಗಡಿಯ ಮುಂದೆ ಹಾಲಿ ಶಾಸಕರ ಜೀಪುಗಳು ಬಂದು ನಿಂತವು. ನಮ್ಮವರು ಊರ ಒಳಗಿನ ಓಣಿಯಲ್ಲಿದ್ದರು. ಬಿಳಿ ಜುಬ್ಬಾದ ಆ ಹಿರಿಯರು ಸೀದಾ ಟ್ರೇಲರಿನ ಹತ್ತಿರ ಬಂದು ನಕ್ಕರು.

"ಏನವ್ವಾ ತಂಗಿ, ಊರ ಮಂದಿದೆಲ್ಲಾ ಹೊಲಿಯಾಕತ್ತಿದಿ. ನಂದೊಂದು ಗುಂಡಿ ಕಿತ್ತೈತಿ, ಹಚ್ಚತೀಯೇನು?"

"ಮೈಮ್ಯಾಲಿನ ಅರಿವಿ ಹೊಲಿಬಾರದ್ರೀ," ಅಂದೆ.

ಅವರು ಅಲ್ಲೇ ಜುಬ್ಬಾ ಕಳಚಿ ಕೊಟ್ಟು ಬನಿಯನ್ನಿನಲ್ಲಿ ನಿಂತರು. ಜನ ಗೊಳ್ಳೆಂದು ನಕ್ಕರು, ಅವರೂ ನಕ್ಕರು. ನಾನು ಗುಂಡಿ ಹಚ್ಚಿದೆ. ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದೆಂಬುದಷ್ಟೇ ನನಗೆ ಗೊತ್ತಿದ್ದದ್ದು.

ಸಂಜೆಯ ಹೊತ್ತಿಗೆ ಸುದ್ದಿ ನಮಗಿಂತ ಮುಂದೆ ಓಡಿತ್ತು. ಮುಂದಿನ ಊರಲ್ಲಿ ಒಬ್ಬ ರೈತ, "ಯಾಕ್ರಿ ಸುಮ್ನ ತ್ರಾಸ ತಗೋತೀರಿ? ನೀವು ರಾಜಿ ಆಗೀರಂತಲ್ಲ," ಅಂದ. ಇವರು, "ರಾಜಿ ಇಲ್ರಪಾ," ಅಂತ ಆಣೆ ಮಾಡಿದರು. ಉಳಿದ ಏಳು ದಿನ ಪ್ರತಿ ಊರಲ್ಲೂ ಅದೇ ಮಾತು, ಅದೇ ಆಣೆ. ಕೇಳಿದವರು ತಲೆ ಆಡಿಸುತ್ತಿದ್ದರು, ನಂಬುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಾನು ಅಳುತ್ತ, "ನನ್ನಿಂದ ಕೆಟ್ತಲ್ರೀ," ಅಂದೆ.

ಅವರು ರೊಟ್ಟಿ ಮುರಿದು ನನ್ನ ಮುಂದೆ ಇಟ್ಟರು. "ಗುಂಡಿ ಕಿತ್ತಾವ ಬಂದ್ರ ಹಚ್ಚಬೇಕು," ಅಂದರು. "ನಾ ಇದ್ರೂ ಹಚ್ಚಿಕೊಡು ಅಂತಿದ್ದೆ."

ಸೋತೆವು. ಗುಂಡಿಯಿಂದಲೇ ಸೋತೆವೆಂದು ಹೇಳಲಾರೆ, ಮೊದಲೂ ಗೆಲ್ಲುವ ಲಕ್ಷಣ ಇರಲಿಲ್ಲ. ಆದರೆ ಬೋರಿಂಗ್ ಕೇಳಿದ ಹಳ್ಳಿಯವರು ಮಾತ್ರ ಹೆಚ್ಚುಕಡಿಮೆ ಎಲ್ಲರೂ ನಮಗೇ ಮುದ್ರೆ ಒತ್ತಿದ್ದಾರೆ ಅಂತ ಹೇಳಿಕಳಿಸಿದರು. ಕೆಲವು ತಿಂಗಳ ಮೇಲೆ ಗೆದ್ದವರೇ ಅಲ್ಲಿ ಬೋರಿಂಗ್ ಹಾಕಿಸಿದರು. ನಮ್ಮವರು ಸೈಕಲ್ ಮೇಲೆ ಹೋಗಿ, ಬೋರಿಂಗ್ ಹೊಡೆದು, ನೀರು ಕುಡಿದು ಬಂದರು. "ಸಪ್ಪಗೈತಿ, ಆದ್ರ ನೀರೈತಿ," ಅಂದರು ನಮ್ಮತ್ತೆಯ ಎದುರಿಗೆ. ನನ್ನ ಕಡೆ ನೋಡಲಿಲ್ಲ. ನೋಡುವ ರೂಢಿ ಆಗಲೇ ಹೊರಟುಹೋಗಿತ್ತು.

ಅಣ್ಣ ಟ್ರ್ಯಾಕ್ಟರ್ ಒಯ್ದ. ಮಿಷನ್ ಪಡಸಾಲೆಗೆ ಬಂತು. ಅವರು ಬೇವಿನ ಮರದ ಕೆಳಗೆ ಹೋದರು. ಯಾರ ತಪ್ಪೂ ಇರಲಿಲ್ಲ. ಮನೆ ಮೊದಲಿನ ಹಾಗೇ ನಡೆಯಿತು. ನಾನೊಬ್ಬಳೇ ಮೊದಲಿನ ಹಾಗಿರಲಿಲ್ಲ. ಮಧ್ಯಾಹ್ನ ರೊಟ್ಟಿ ಬಡಿಯುವಾಗ ಈ ಹೊತ್ತಿಗೆ ಅವರು ಕಚೇರಿಯ ಹತ್ತಿರ ಯಾರ ಜೊತೆ ಉಣ್ಣುತ್ತಿರಬಹುದು, ಬಂಡೆಯ ಕಥೆಯನ್ನು ಅವರಿಗೂ ಹೇಳಿರಬಹುದೇ ಅಂತ ಹೊಟ್ಟೆಕಿಚ್ಚು ಬರುತ್ತಿತ್ತು.

ಮುಂದಿನ ಚುನಾವಣೆ ಬಂತು. ಗೋಡೆಗಳಿಗೆ ಬಣ್ಣ ಬಳಿಯಲು ಶುರುವಾದಾಗಿನಿಂದ ಕಾದೆ, ಅವರು ಬಾಯಿ ಬಿಡಲಿಲ್ಲ. ನಾಮಪತ್ರಕ್ಕೆ ಎರಡೇ ದಿನ ಉಳಿದಾಗ ತಡೆಯದೆ ಕೇಳಿದೆ.

"ಈ ಸಲ ನಿಂದ್ರಂಗಿಲ್ಲೇನ್ರೀ?"

"ಸೋತಿದ್ದು ಸಾಲ್ಲಿಲ್ಲೇನು ನಿನಗ?" ಅಂತ ನಕ್ಕರು. "ಆ ಬಿಸಿಲಾಗ ನಿನ್ನ ತಿರುಗಿಸಿ ಸಾಕಷ್ಟು ಪಾಪ ಮಾಡೀನಿ. ಇನ್ನ ಆ ತ್ರಾಸ ಬ್ಯಾಡ."

ತ್ರಾಸವಲ್ಲ ಅನ್ನಬೇಕೆಂದುಕೊಂಡೆ. ಇನ್ನೊಮ್ಮೆ ಸೋಲೋಣ ನಡೀರಿ ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಹೊರಗೆ ಯಾರೋ ಪಹಣಿ ಹಿಡಿದು ಕರೆದರು. ಅವರು ಟೋಪಿ ಹಾಕಿಕೊಂಡು ಎದ್ದು ಹೋದರು.